ನೀರು, ಬೆಲ್ಲ, ಅರಿಷಿಣ: ಯಾರ ಹೊಟ್ಟೆಗೆ ಎಷ್ಟು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಓದುಗರ ಪತ್ರಗಳಲ್ಲಿ ಈ ಸಲ ಐದಕ್ಕೆ ಉತ್ತರಿಸಿದ್ದೇನೆ. ಐದೂ ಪತ್ರಗಳ ಕೊನೆಗೆ ಇರುವುದು ಒಂದೇ ಪ್ರಶ್ನೆ: ‘ಇದು ವಿಷವೋ ಅಲ್ಲವೋ?’ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಎಷ್ಟು, ಎಷ್ಟು ದಿನ, ಯಾರ ದೇಹಕ್ಕೆ ಎಂಬ ಲೆಕ್ಕವನ್ನು ಪ್ರತಿ ಉತ್ತರದಲ್ಲೂ ಬಿಡಿಸಿಟ್ಟಿದ್ದೇನೆ. ನಿಮ್ಮ ಮನೆಯ ಅಂಕಿ ಹಾಕಿಕೊಂಡು ನೀವೇ ಮಾಡಿ ನೋಡಬಹುದು.

ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನಮ್ಮದು ಹುನ್ನೂರ. ಊರಾಗಿಲ್ಲ, ತೋಟದ ವಸ್ತಿಯೊಳಗ ಇರ್ತೀವಿ. ಕುಡಿಯೂದು ಬೋರಿನ ನೀರು. ಮೊನ್ನೆ ನಮ್ಮ ಮೈದುನ ನೀರು ಪರೀಕ್ಷಾ ಮಾಡಿಸಿಕೊಂಡು ಬಂದಾನ. ಚೀಟ್ಯಾಗ ಫ್ಲೋರೈಡ್ 1.8, ನೈಟ್ರೇಟ್ 78, ಟಿಡಿಎಸ್ 1100 ಅಂತ ಬರದಾರ. ಹಿರೇ ಮಗಗ 9 ವರ್ಷ, ಹಲ್ಲಿನ ಮ್ಯಾಲೆ ಕಂದು ಗೆರಿ ಬಿದ್ದಾವ, ಎಷ್ಟ್ ತಿಕ್ಕಿದ್ರೂ ಹೋಗೂದಿಲ್ಲ. ಸಣ್ಣ ಕೂಸಿಗೆ 4 ತಿಂಗಳು, ನನ್ನ ಹಾಲು ಸಾಲೂದಿಲ್ಲಂತ ಡಬ್ಬಿ ಹಾಲೂ ಕಲಿಸಿ ಕೊಡತೀನಿ. ಮನೆಯವರು ದಿನಾ ಕಬ್ಬಿನ ಹೊಲದಾಗ ಇರ್ತಾರ. ನೀರು ಕುದಿಸಿ ಕುಡದ್ರ ಸಾಕೇನ್ರಿ? ಟಿಡಿಎಸ್ ಸಾವಿರದ ಮ್ಯಾಲಿದ್ರ ಕಿಡ್ನಿ ಹೋಗ್ತಾವ ಅಂತಾರ, ಖರೇನ?
– ಒಬ್ಬ ತಾಯಿ, ಹುನ್ನೂರ

ತಂಗೀ, ಮೊದಲು ಕೂಸಿನ ಮಾತು. ಈ ಉತ್ತರ ಓದಿದ ಹೊತ್ತಿನಿಂದಲೇ ಬೋರಿನ ನೀರಿನಲ್ಲಿ ಡಬ್ಬಿ ಹಾಲು ಕಲಸುವುದನ್ನು ನಿಲ್ಲಿಸಿರಿ. ನಿಮ್ಮ ಚೀಟಿಯ ಮೂರು ಅಂಕಿಗಳಲ್ಲಿ ಇವತ್ತೇ ಎಚ್ಚರ ವಹಿಸಬೇಕಾದದ್ದು ನೈಟ್ರೇಟ್. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೂ ಇದಕ್ಕೆ ಸಡಿಲಿಕೆ ಇಲ್ಲ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗುತ್ತದೆ. ಅದು ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ, ಕೂಸು ಮಂಕಾಗುತ್ತದೆ. 1945ರಲ್ಲಿ ಅಮೆರಿಕದ ಅಯೋವಾದ ಹಳ್ಳಿಗಳಲ್ಲಿ ಬಾವಿ ನೀರಿನಲ್ಲಿ ಹಾಲು ಕಲಸಿ ಕುಡಿಸಿದ ಕೂಸುಗಳಲ್ಲಿ ಇದನ್ನು ಮೊದಲು ಗುರುತಿಸಿದರು. ನಿಮ್ಮ ಕೂಸಿನ ತುಟಿ ಬಣ್ಣ ಬದಲಾದಂತೆ ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕುದಿಸಿದರೆ ಸಾಕೇ ಎಂದು ಕೇಳಿದ್ದೀರಿ. ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ನೈಟ್ರೇಟೂ ಫ್ಲೋರೈಡೂ ಲವಣಗಳು. ನೀರು ಆವಿಯಾಗಿ ಹೋಗುತ್ತದೆ, ಅವು ಪಾತ್ರೆಯಲ್ಲೇ ಉಳಿಯುತ್ತವೆ. ಬಹಳ ಹೊತ್ತು ಕುದಿಸಿದಷ್ಟೂ ನೀರಿನಲ್ಲಿ ಅವುಗಳ ಪ್ರಮಾಣ ಏರುತ್ತದೆ. ಮಗುವಿನ ಮೇಲಿನ ಕಾಳಜಿಯಿಂದಲೇ ತಾಯಂದಿರು ಮತ್ತೆ ಮತ್ತೆ ಕುದಿಸಿ ಈ ಬಲೆಗೆ ಬೀಳುತ್ತಾರೆ. ನಿಮ್ಮ ಎದೆಹಾಲಿಗೆ ಈ ನೈಟ್ರೇಟ್ ಅಪಾಯವಾಗುವಷ್ಟು ಇಳಿಯುವುದಿಲ್ಲ, ಅದನ್ನು ಧೈರ್ಯವಾಗಿ ಕುಡಿಸಿ. ಹಾಲು ನಿಜಕ್ಕೂ ಸಾಲುತ್ತಿಲ್ಲವೇ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೂಸಿನ ತೂಕ ಹಾಕಿಸಿ ನೋಡಿ. ತೂಕ ಸರಿಯಾಗಿ ಏರುತ್ತಿದ್ದರೆ ಡಬ್ಬಿಯ ಅಗತ್ಯವೇ ಇಲ್ಲದಿರಬಹುದು.

ಇನ್ನು ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎಂದು ನಮ್ಮ ಮಾನಕ ಹೇಳುತ್ತದೆ. 1.8 ಎಂದರೆ ‘ಸ್ವಲ್ಪ ತಾನೆ ಜಾಸ್ತಿ’ ಅನಿಸುತ್ತದೆ. ಆದರೆ ಚೀಟಿಯಲ್ಲಿರುವುದು ಅರ್ಧ ಲೆಕ್ಕ ಮಾತ್ರ. ಉಳಿದ ಅರ್ಧ ನೀವು ದಿನಕ್ಕೆಷ್ಟು ನೀರು ಕುಡಿಯುತ್ತೀರಿ, ನಿಮ್ಮ ತೂಕವೆಷ್ಟು ಎಂಬುದರಲ್ಲಿದೆ.

ನಿಮ್ಮ ಮಗನ ತೂಕ 24 ಕಿಲೋ, ಅವನು ದಿನಕ್ಕೆ ಒಂದೂವರೆ ಲೀಟರ್ ಕುಡಿಯುತ್ತಾನೆ ಎಂದುಕೊಳ್ಳೋಣ. 1.8ನ್ನು ಒಂದೂವರೆಯಿಂದ ಗುಣಿಸಿದರೆ 2.7 ಮಿಲಿಗ್ರಾಂ. ಅದನ್ನು 24ರಿಂದ ಭಾಗಿಸಿದರೆ ಕಿಲೋ ತೂಕಕ್ಕೆ 0.11. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದಿನಾ ಸೇವಿಸಿದರೂ ಹಲ್ಲು ಕೆಡದ ಪ್ರಮಾಣವೆಂದು ಲೆಕ್ಕಕ್ಕೆ ಹಿಡಿದಿರುವುದು 0.06. ಹುಡುಗನ ಲೆಕ್ಕ ಹೆಚ್ಚುಕಡಿಮೆ ಎರಡು ಪಟ್ಟು ಬಂತು. ಹಲ್ಲಿನ ಹೊರಕವಚ ಕಟ್ಟುವುದು ಸುಮಾರು 8 ವರ್ಷದೊಳಗೆ. ಆಗ ಹೋದ ಫ್ಲೋರೈಡೇ ಈಗ ಕಂದು ಗೆರೆಯಾಗಿ ಕಾಣುತ್ತಿದೆ. ಅದು ಕೊಳೆಯಲ್ಲ. ಇದ್ದಿಲು, ಉಪ್ಪು ಹಾಕಿ ತಿಕ್ಕಿಸಬೇಡಿ, ಇದ್ದ ಕವಚವೂ ಸವೆಯುತ್ತದೆ. ಮುಂದೆ ಬೇಕೆನಿಸಿದರೆ ದಂತವೈದ್ಯರು ಕಲೆಯನ್ನು ಮರೆಮಾಡಬಲ್ಲರು. ಹುಡುಗನಿಗೆ ‘ಹಲ್ಲು ತಿಕ್ಕೂದಿಲ್ಲ’ ಎಂದು ಬೈಯುತ್ತಿದ್ದರೆ ದಯವಿಟ್ಟು ಬಿಡಿ, ಅವನ ತಪ್ಪೇನೂ ಇಲ್ಲ.

ನೀವು ಚಿಂತೆ ಮಾಡದೇ ಇರುವವರು ನಿಮ್ಮ ಯಜಮಾನರು. ನನಗೆ ಅವರದೂ ಚಿಂತೆಯೇ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವ ಮನುಷ್ಯ 5 ಲೀಟರ್ ನೀರು ಕುಡಿಯುವುದು ದೊಡ್ಡ ಮಾತಲ್ಲ. ಆ ನೀರಿನಿಂದಲೇ ದಿನಕ್ಕೆ 9 ಮಿಲಿಗ್ರಾಂ. ಮೇಲೆ ಚಹಾ. ಚಹಾದ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ. ರೊಟ್ಟಿ ಹಿಟ್ಟು ನಾದಿದ ನೀರು, ಬೇಳೆ ಬೇಯಿಸಿದ ನೀರು ಬೇರೆ. ಎಲ್ಲ ಕೂಡಿ ದಿನಕ್ಕೆ 6 ಮಿಲಿಗ್ರಾಂ ಮೀರಿದರೆ ವರ್ಷಗಳ ಮೇಲೆ ಮೂಳೆಗೆ ತೊಂದರೆಯಾಗುವ ಸೂಚನೆಗಳಿವೆ, 14 ತಲುಪಿದರೆ ಅಪಾಯ ಹೆಚ್ಚುವುದು ಸ್ಪಷ್ಟ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತೀರ್ಮಾನ. ಬೆನ್ನು, ಕುತ್ತಿಗೆ ಬಿಗಿಯುವುದನ್ನು ನಾವು ‘ದುಡಿದು ದುಡಿದು ಬಂದ ನೋವು’ ಎಂದು ಸುಮ್ಮನಾಗುತ್ತೇವೆ. ನಮ್ಮ ದೇಶದಲ್ಲಿ ಫ್ಲೋರೈಡಿನಿಂದ ಬರುವ ಈ ಮೂಳೆ ಕಾಯಿಲೆ 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ದಾಖಲಾಗಿದೆ. ಇಷ್ಟು ಹಳೆಯ, ಇಷ್ಟು ಚೆನ್ನಾಗಿ ಗೊತ್ತಿರುವ ತೊಂದರೆ ಇವತ್ತಿಗೂ ಹೊಲದಲ್ಲಿ ದುಡಿಯುವವರ ಮೂಳೆ ತಿನ್ನುತ್ತಿದೆ ಎಂಬುದು ನನಗೆ ಸಂಕಟದ ಸಂಗತಿ.

ಟಿಡಿಎಸ್ ವಿಚಾರಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಅದು ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತ. 500ರ ಒಳಗಿದ್ದರೆ ಚಂದ, ಬೇರೆ ನೀರಿಲ್ಲದಿದ್ದರೆ 2000ದವರೆಗೆ ಮಾನಕವೇ ಒಪ್ಪುತ್ತದೆ. 1100 ಇದ್ದ ಮಾತ್ರಕ್ಕೆ ಕಿಡ್ನಿ ಹೋಗುವುದಿಲ್ಲ. ನೀರಿನ ಯಂತ್ರ ಮಾರುವವರು ಕಡ್ಡಿಯಂಥ ಮೀಟರ್ ಅದ್ದಿ ತೋರಿಸುವುದು ಈ ಅಂಕಿಯನ್ನೇ. ಆ ಮೀಟರ್ ಫ್ಲೋರೈಡನ್ನೂ ನೈಟ್ರೇಟನ್ನೂ ಬೇರೆಯಾಗಿ ತೋರಿಸಲಾರದು.

ಈಗ ಮಾಡಬೇಕಾದದ್ದು. ಸ್ನಾನಕ್ಕೆ, ಬಟ್ಟೆಗೆ, ದನಕ್ಕೆ ಬೋರಿನ ನೀರೇ ಇರಲಿ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇರೆ ನೀರು ಬೇಕು. ಊರಿಗೆ ನದಿ ನೀರಿನ ನಳ ಬರುತ್ತಿದ್ದರೆ ದಿನಕ್ಕೆರಡು ಕೊಡ ಅಲ್ಲಿಂದ ತರಿಸಿ. ಇಲ್ಲವಾದರೆ ಪಂಚಾಯಿತಿಯ ಶುದ್ಧ ನೀರಿನ ಘಟಕದ್ದು, ಇಲ್ಲವೇ ಮನೆಯಲ್ಲೇ ಆರ್‌ಒ. ಆದರೆ ಘಟಕದಿಂದ ಹೊರಬರುವ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಒಳಗಿನ ಪೊರೆ ಹಳತಾದರೆ ನೀರು ರುಚಿಯಾಗೇ ಇರುತ್ತದೆ, ನೈಟ್ರೇಟ್ ಮಾತ್ರ ಸೋಸದೆ ಬರುತ್ತದೆ. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಸಾರ್ವಜನಿಕರೂ ಮಾದರಿ ಕೊಡಬಹುದು. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಕೊಡಿ. ಬೋರಿನ ಸುತ್ತ ತಿಪ್ಪೆ, ದನದ ಕೊಟ್ಟಿಗೆ, ಶೌಚದ ಗುಂಡಿ ಎಷ್ಟು ದೂರದಲ್ಲಿವೆ ನೋಡಿ. ನೈಟ್ರೇಟ್ ಬರುವುದು ಅಲ್ಲಿಂದ, ಮತ್ತು ಕಬ್ಬಿಗೆ ಸುರಿದ ಯೂರಿಯಾದಿಂದ. ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ. ಇದು ನಿಮ್ಮೊಬ್ಬರ ಬೋರಿನ ಕತೆಯಲ್ಲ.

ನಂದು ಬೆಲ್ಲದ ಗಾಣ ಐತ್ರಿ. ಹೈಡ್ರೋಸ್ ಹಾಕಿದ್ರ ಬೆಲ್ಲ ಹಳದಿ ಬರ್ತೈತಿ, ಮಾರ್ಕೆಟ್ಟಿನಾಗ ಕ್ವಿಂಟಲ್‌ಗೆ ರೇಟ್ ಹೆಚ್ಚು ಸಿಗತೈತಿ. ಹಾಕಲಿಲ್ಲಂದ್ರ ಕರೀ ಬೆಲ್ಲ ಅಂತ ಕೇಳೂದೇ ಇಲ್ಲ. ಈಗ ಎಲ್ಲಾರೂ ಹೈಡ್ರೋಸ್ ವಿಷ ಅಂತಾರ. ಜನಕ್ಕ ವಿಷ ಉಣ್ಣಿಸಿದಂಗ ಆಗತೈತೇನ್ರಿ?
– ಗಾಣದ ಮಾಲೀಕರು, ಮಹಾಲಿಂಗಪುರ ಹತ್ತಿರ

ಯಜಮಾನರೇ, ಇಷ್ಟು ನೇರವಾಗಿ ಕೇಳಿದ್ದಕ್ಕೆ ನಿಮಗೆ ಗೌರವ ಸಲ್ಲಬೇಕು. ನೇರವಾಗಿಯೇ ಉತ್ತರ ಕೊಡುತ್ತೇನೆ.

ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ಪುಡಿ (ಸೋಡಿಯಂ ಹೈಡ್ರೋಸಲ್ಫೈಟ್) ಬೆಲ್ಲದಲ್ಲಿ ಉಳಿಸಿ ಹೋಗುವುದು ಗಂಧಕದ ಡೈಆಕ್ಸೈಡ್. ನಮ್ಮ ಆಹಾರ ಕಾನೂನು ಬೆಲ್ಲದಲ್ಲಿ ಕಿಲೋಗೆ 70 ಮಿಲಿಗ್ರಾಂ ಮಿತಿ ಹಾಕಿದೆ. ಆ ಮಿತಿಯಲ್ಲಿರುವ ಬೆಲ್ಲವನ್ನು ಒಬ್ಬರು ದಿನಕ್ಕೆ 30 ಗ್ರಾಂ ತಿಂದರೆ ಒಳಗೆ ಹೋಗುವುದು 2.1 ಮಿಲಿಗ್ರಾಂ. ಕಿಲೋ ದೇಹತೂಕಕ್ಕೆ ದಿನಕ್ಕೆ 0.7 ಮಿಲಿಗ್ರಾಂವರೆಗೆ ಆಗಬಹುದು ಎಂದು ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿ ಬಹುಕಾಲದಿಂದ ಹೇಳುತ್ತ ಬಂದಿದೆ. 60 ಕಿಲೋ ತೂಗುವವರಿಗೆ ಅದು 42 ಮಿಲಿಗ್ರಾಂ. ಹಾಗಾಗಿ ಅಳತೆಯಲ್ಲಿ ಹಾಕಿದ ಬೆಲ್ಲ ತಿಂದ ಆರೋಗ್ಯವಂತರು ವಿಷ ಉಂಡಂತಾಗುವುದಿಲ್ಲ.

ಆದರೆ ‘ಅಳತೆಯಲ್ಲಿ’ ಎಂಬ ಮಾತು ನಿಮ್ಮ ಗಾಣದಲ್ಲಿ ನಡೆಯುತ್ತದೆಯೇ? ಕೊಪ್ಪರಿಗೆಯ ಮುಂದೆ ನಿಂತವರು ತಕ್ಕಡಿ ಹಿಡಿದು ಹಾಕುವುದಿಲ್ಲ. ಪಾಕದ ಬಣ್ಣ ನೋಡಿ ಹಿಡಿ ತುಂಬಿ ಎರಚುತ್ತಾರೆ, ಕಬ್ಬು ಹಳತಾಗಿದ್ದರೆ ಇನ್ನೊಂದು ಹಿಡಿ. ಒಂದು ಕೊಪ್ಪರಿಗೆಯ ಪೆಂಟೆಯಲ್ಲಿ ಮಿತಿಯೊಳಗೆ, ಮುಂದಿನದರಲ್ಲಿ ಮಿತಿಯ ಹತ್ತು ಪಟ್ಟು ಇದ್ದರೂ ಕಣ್ಣಿಗೆ ಎರಡೂ ಒಂದೇ ಹಳದಿ. ಉಬ್ಬಸ ಇರುವ ಕೆಲವರಿಗೆ ಸಣ್ಣ ಪ್ರಮಾಣವೂ ಎದೆ ಬಿಗಿಸುತ್ತದೆ. ಇದಲ್ಲದೆ ನೀವು ಹಾಕುವ ಪುಡಿ ಆಹಾರಕ್ಕೆಂದು ತಯಾರಾದದ್ದೇ ಅಲ್ಲ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರನ್ನು ಕೇಳಿ, ವ್ಯಾಟ್ ಬಣ್ಣ ಕರಗಿಸಲು ಬಳಸುವುದು ಇದೇ ಹೈಡ್ರೋಸ್. ಬಟ್ಟೆಗಾಗಿ ತಯಾರಾದ ಪುಡಿಯಲ್ಲಿ ಬೇರೆ ಏನು ಕಲ್ಮಶವಿದೆ ಎಂದು ಯಾರೂ ಅಳೆದಿರುವುದಿಲ್ಲ.

ಮತ್ತು ಎಲ್ಲರಿಗಿಂತ ಹೆಚ್ಚು ಪಾಲು ಬೀಳುವುದು ನಿಮ್ಮ ಆಳುಗಳಿಗೆ. ಬಿಸಿ ಪಾಕಕ್ಕೆ ಹೈಡ್ರೋಸ್ ಬಿದ್ದ ಕೂಡಲೇ ಘಾಟು ಏಳುತ್ತದೆ, ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ. ತಿನ್ನುವವರಿಗೆ ಉಳಿಯುವುದು ಆ ಗಾಳಿಯ ಅಲ್ಪ ಶೇಷ ಮಾತ್ರ. ಕೊಪ್ಪರಿಗೆ ಹತ್ತಿರ ನಿಂತವರು ಇಡೀ ಹಂಗಾಮು ಅದನ್ನೇ ಉಸಿರಾಡುತ್ತಾರೆ.

ವ್ಯಾಪಾರದ ಮಾತೂ ಹೇಳಿಬಿಡುತ್ತೇನೆ. ಹೈಡ್ರೋಸ್ ಕೊಟ್ಟ ಹಳದಿ ನಿಲ್ಲುವುದಿಲ್ಲ, ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ, ಹದವಾದ ಸುಣ್ಣ, ಹೊತ್ತುಹೊತ್ತಿಗೆ ಮಡ್ಡಿ ತೆಗೆಯುವುದು, ಕಡಿದ ದಿನವೇ ಕಬ್ಬು ಅರೆಯುವುದು – ಇವುಗಳಿಂದ ಬರುವ ಬೆಲ್ಲ ಚಿನ್ನದ ಬಣ್ಣದ್ದಲ್ಲ, ಜೇನಿನ ಬಣ್ಣದ್ದು. ಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ: ನಾವು ಹಳದಿ ಕೇಳುವುದನ್ನು ಬಿಡದೆ ಗಾಣದವರನ್ನು ಬೈಯುವುದು ನ್ಯಾಯವಲ್ಲ. ಒಲೆಗೆ ರವದಿ, ಸಿಪ್ಪೆ ಬಿಟ್ಟು ಹಳೆ ಟೈರು, ಪ್ಲಾಸ್ಟಿಕ್ ಎಂದೂ ಹಾಕಬೇಡಿ. ಆ ಹೊಗೆ ಹೈಡ್ರೋಸಿಗಿಂತ ಕೆಟ್ಟದ್ದು.

ನಮ್ಮ ತೋಟದ ಅರಿಷಿಣ ನಾವೇ ಕುಟ್ಟಿ ಇಟ್ಟುಕೊಳ್ಳುತ್ತೇವೆ. ಅಂಗಡಿಯದ್ದು ಎಷ್ಟು ಹೊಳೆಯುತ್ತದೆ, ನಮ್ಮದು ಮಂಕು. ಅರಿಷಿಣದಲ್ಲಿ ಸೀಸ ಇರುತ್ತದೆ ಎಂದು ಓದಿ ಗಾಬರಿಯಾಗಿದೆ. ನಮ್ಮ ಮಣ್ಣಿನಿಂದಲೂ ಬರುತ್ತದೆಯೇ?
– ಗೃಹಿಣಿ, ತೇರದಾಳ

ಅಕ್ಕಾ, ನಿಮ್ಮ ಮಂಕು ಅರಿಷಿಣವೇ ನನಗೆ ಬೇಕು.

ಮಣ್ಣಿನಿಂದ ಬರುವ ಸೀಸ ಬಹಳ ಕಡಿಮೆ. ಭಯಪಡಬೇಕಾದ ಸೀಸ ಬರುವುದು ಹೊಲದಿಂದಾಚೆ, ಕೊಂಬಿಗೆ ಪಾಲಿಶ್ ಮಾಡುವಾಗ. ಮಳೆಗೆ ಸಿಕ್ಕು ಕಪ್ಪಾದ ಕೊಂಬನ್ನು ಬೆಳಗಿಸಲು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಹಚ್ಚುವ ಕೆಟ್ಟ ಚಾಳಿ ಕೆಲವು ಕಡೆ ಇದೆ. ಅದು ಗೋಡೆ, ಯಂತ್ರಗಳಿಗೆ ಬಳಿಯುವ ಬಣ್ಣದ ಸಾಮಾನು. 2024ರಲ್ಲಿ ಪ್ರಕಟವಾದ ದಕ್ಷಿಣ ಏಷ್ಯಾದ ಅಧ್ಯಯನವೊಂದರಲ್ಲಿ ಪಟ್ನಾದ ಮಾದರಿಯಲ್ಲಿ ಕಿಲೋಗೆ 1000 ಮಿಲಿಗ್ರಾಂ ಮೀರಿ ಸೀಸ ಕಂಡಿತು. ನಮ್ಮ ಕಾನೂನಿನ ಮಿತಿ 10.

ಸೀಸದ ವಿಷಯದಲ್ಲಿ ಮಾತ್ರ ನಾನು ಮಿತಿಯನ್ನೂ ನಂಬಲು ಹೇಳುವುದಿಲ್ಲ. ಫ್ಲೋರೈಡಿಗೆ, ಗಂಧಕಕ್ಕೆ ‘ಇಷ್ಟರವರೆಗೆ ಸರಿ’ ಎನ್ನುವ ಗೆರೆ ಎಳೆಯಬಹುದು. ಸೀಸಕ್ಕೆ ಅಂಥ ಗೆರೆ ಸಿಗದೆ, ಹಿಂದೆ ಎಳೆದಿದ್ದ ಗೆರೆಯನ್ನೂ ವಿಶ್ವಸಂಸ್ಥೆಯ ತಜ್ಞರ ಸಮಿತಿ 2010ರಲ್ಲಿ ಅಳಿಸಿಹಾಕಿತು. ಮಕ್ಕಳ ಮಿದುಳಿನ ಮೇಲೆ ಅತಿ ಸಣ್ಣ ಪ್ರಮಾಣವೂ ಗುರುತು ಬಿಡುತ್ತದೆ. ಲೆಕ್ಕ ನೋಡಿ: ಮಿತಿಯಷ್ಟೇ ಸೀಸವಿರುವ ಅರಿಷಿಣವನ್ನು ಮಗು ದಿನಕ್ಕೆ ಅರ್ಧ ಗ್ರಾಂ ತಿಂದರೆ 5 ಮೈಕ್ರೊಗ್ರಾಂ. ಮಕ್ಕಳಿಗೆ ಆಹಾರದಿಂದ ದಿನಕ್ಕೆ 2.2 ಮೀರಬಾರದು ಎಂಬುದು ಅಮೆರಿಕದ ಆಹಾರ ಇಲಾಖೆಯ ಅಂದಾಜು. ಕಾನೂನಿನ ಪ್ರಕಾರ ಪಾಸಾದ ಪುಡಿಯೂ ಮಗುವಿನ ಲೆಕ್ಕದಲ್ಲಿ ನಪಾಸು.

ಇದು ತಡೆಯಲಾಗದ ಪಿಡುಗೇನಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ 47% ಅರಿಷಿಣದ ಮಾದರಿಗಳಲ್ಲಿ ಸೀಸವಿತ್ತು. ಸಂಶೋಧಕರು ಮತ್ತು ಸರ್ಕಾರ ಕೂಡಿ ವ್ಯಾಪಾರಿಗಳಿಗೆ ತಿಳಿಹೇಳಿ, ಸಗಟು ಮಾರುಕಟ್ಟೆಯಲ್ಲೇ ಪರೀಕ್ಷಿಸಿ ದಂಡ ಹಾಕಿದರು. 2021ರ ಹೊತ್ತಿಗೆ ಅದು ಸೊನ್ನೆಗೆ ಬಂತು. ನಮ್ಮ ಅರಿಷಿಣ ಹೋಗುವ ಸಾಂಗ್ಲಿಯಂಥ ದೊಡ್ಡ ಪೇಟೆಗಳಲ್ಲೂ ಹಾಗೆ ಮಾಡಿದರೆ ಪ್ರಾಮಾಣಿಕ ಬೆಳೆಗಾರರಿಗೇ ಲಾಭ.

ಮನೆಯಲ್ಲಿ ಒಂದು ಪರೀಕ್ಷೆ: ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಹಾಕಿ, ಕಲಕದೆ ಬಿಡಿ. ಶುದ್ಧವಾದದ್ದು ತಿಳಿಹಳದಿ ಬಿಟ್ಟು ತಳಕ್ಕಿಳಿಯುತ್ತದೆ. ಬಣ್ಣ ಬೆರೆಸಿದ್ದರೆ ನೀರು ಗಾಢ ಹಳದಿಯಾಗುತ್ತದೆ. ಇದರಿಂದ ನೀರಿಗಿಳಿಯುವ ಬಣ್ಣ ಸಿಕ್ಕಿಬೀಳುತ್ತದೆ, ಆದರೆ ಲೆಡ್ ಕ್ರೋಮೇಟ್ ನೀರಿನಲ್ಲಿ ಕರಗುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು.

ಘಟಪ್ರಭಾ ದಂಡೆಯ ನಮ್ಮ ಹಳ್ಳಿಯಲ್ಲಿ ಐದಾರು ವರ್ಷದಿಂದ ಕ್ಯಾನ್ಸರ್ ಹೆಚ್ಚಾದಂತೆ ಕಾಣುತ್ತಿದೆ. ಬೇಸಿಗೆಯಲ್ಲಿ ಹೊಳೆ ನೀರು ಕಪ್ಪಾಗಿ ನಾರುತ್ತದೆ, ಒಮ್ಮೊಮ್ಮೆ ಮೀನು ಸಾಯುತ್ತವೆ. ಕಾರ್ಖಾನೆಗಳ ನೀರಿನಿಂದಲೇ ಕ್ಯಾನ್ಸರ್ ಎಂದು ಊರವರ ನಂಬಿಕೆ. ಹೇಗೆ ಪತ್ತೆ ಹಚ್ಚುವುದು?
– ಪ್ರೌಢಶಾಲಾ ಶಿಕ್ಷಕರು, ಮುಧೋಳ ತಾಲೂಕು

ಗುರುಗಳೇ, ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಒಂದರೊಳಗೆ ಇನ್ನೊಂದನ್ನು ಸೇರಿಸಿದರೆ ಎರಡೂ ಬಿದ್ದುಹೋಗುತ್ತವೆ.

ಸಕ್ಕರೆ ಮತ್ತು ಡಿಸ್ಟಿಲರಿಯ ತ್ಯಾಜ್ಯ ನೀರಿನಲ್ಲಿ ಕೊಳೆಯುವ ಪದಾರ್ಥ ವಿಪರೀತ. ಅದು ಹೊಳೆಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತವೆ. ಹೊಳೆಗೆ ಬಿಡುವ ನೀರಿನಲ್ಲಿ ಬಿಒಡಿ (ಹೀಗೆ ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಮೀನು ಸತ್ತ ದಿನವೇ ಫೋಟೊ, ದಿನಾಂಕ, ಜಾಗದ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಎರಡು ದಿನ ತಡವಾದರೆ ಸಾಕ್ಷಿ ಹರಿದು ಹೋಗಿರುತ್ತದೆ. ಈ ದೂರಿಗೆ ಕ್ಯಾನ್ಸರಿನ ಆಸರೆ ಬೇಕಾಗಿಲ್ಲ.

ಕ್ಯಾನ್ಸರಿನ ವಿಚಾರ ಹೀಗೆ. ನಾರುವ ನೀರೆಲ್ಲ ಕ್ಯಾನ್ಸರ್ ತರುವುದಿಲ್ಲ, ಕ್ಯಾನ್ಸರ್ ತರುವ ನೀರು ನಾರಲೇಬೇಕೆಂದೂ ಇಲ್ಲ. ನಮ್ಮದೇ ರಾಜ್ಯದ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ನೀರು ತಿಳಿಯಾಗೇ ಇತ್ತು. ಜನರ ಅಂಗೈ ಅಂಗಾಲು ಗಂಟುಗಂಟಾಗಿ ದಪ್ಪವಾಗಿದ್ದವು. ಮಂಗಳೂರು ಎಂಬ ಊರಿನ (ಕರಾವಳಿಯ ಮಂಗಳೂರಲ್ಲ) ಹಳೆಯ ಚಿನ್ನದ ಗಣಿ ಪ್ರದೇಶದ ಆ ತಾಂಡಾದ ನೀರಿನಲ್ಲಿ ಕ್ಯಾನ್ಸರ್ ತರಬಲ್ಲ ಆರ್ಸೆನಿಕ್ ಇರುವುದು ಪರೀಕ್ಷೆಯಿಂದ ಗೊತ್ತಾಯಿತು. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಅದರ ವಿವರ ಪ್ರಕಟಿಸಿದರು. ಅಲ್ಲಿ ಸುಳಿವು ಸಿಕ್ಕಿದ್ದು ನೀರಿನ ಬಣ್ಣದಿಂದಲ್ಲ, ಒಂದೇ ಬಗೆಯ ಚರ್ಮದ ಗುರುತು ಹಲವರಲ್ಲಿ ಕಂಡದ್ದರಿಂದ.

ನಿಮ್ಮ ಊರಿನಲ್ಲೂ ಹುಡುಕಬೇಕಾದದ್ದು ಅಂಥದ್ದನ್ನೇ. ಒಂದು ವಹಿ ತೆಗೆದುಕೊಳ್ಳಿ. ಪ್ರತಿ ರೋಗಿಯ ವಯಸ್ಸು, ಯಾವ ಅಂಗದ ಕ್ಯಾನ್ಸರ್, ಯಾವ ವರ್ಷ ಗೊತ್ತಾಯಿತು, ಊರಿನಲ್ಲಿ ಎಷ್ಟು ವರ್ಷ ವಾಸ, ಕುಡಿದ ನೀರು ಹೊಳೆಯದೋ ಬೋರಿನದೋ, ತಂಬಾಕು-ಗುಟ್ಕಾ ಇತ್ತೋ – ಇಷ್ಟನ್ನು ಮನೆಯವರ ಒಪ್ಪಿಗೆ ಪಡೆದು ಬರೆಯಿರಿ. ಬಾಯಿ, ಗಂಟಲಿನವೇ ಹೆಚ್ಚಿದ್ದರೆ ಮೊದಲ ಅನುಮಾನ ತಂಬಾಕಿನ ಮೇಲೆ ಹೋಗಬೇಕು. ಬೇರೆ ಬೇರೆ ಅಂಗದವು ಚದುರಿದ್ದರೆ ಒಂದೇ ಕಾರಣ ಇರುವುದು ಕಷ್ಟ. ಒಂದೇ ಬಗೆಯದು, ಒಂದೇ ಬೋರಿನ ನೀರು ಕುಡಿದವರಲ್ಲಿ, ವಯಸ್ಸಿಗೆ ಮೀರಿ ಕಂಡರೆ ಜಿಲ್ಲಾ ಆರೋಗ್ಯಾಧಿಕಾರಿಗಳು ಆ ವಹಿಯನ್ನು ತಳ್ಳಿಹಾಕಲಾಗದು. ನೀರಿನಿಂದ ಬರುವ ಕ್ಯಾನ್ಸರ್ ಹತ್ತಾರು ವರ್ಷ ತೆಗೆದುಕೊಳ್ಳುತ್ತದೆ. ಹಾಗಾಗಿ ಮೂರು ವರ್ಷದ ಹಿಂದೆ ಬಂದ ಕಾರ್ಖಾನೆಯನ್ನು ಇವತ್ತಿನ ರೋಗಕ್ಕೆ ಹೊಣೆ ಮಾಡಿದರೆ ವಾದ ನಿಲ್ಲುವುದಿಲ್ಲ. ಮಕ್ಕಳಿಂದಲೇ ಈ ವಹಿ ಮಾಡಿಸಬೇಡಿ, ನೊಂದ ಮನೆಗಳ ಮಾತು ಅದು. ನೀವು ಮತ್ತು ಆಶಾ ಕಾರ್ಯಕರ್ತೆ ಕೂಡಿ ಹೋಗಿ.

ನಾ ದ್ರಾಕ್ಷಿ ತೋಟಕ್ಕ ಎಣ್ಣಿ ಹೊಡಿಯೂ ಕೆಲಸ ಮಾಡ್ತೀನ್ರಿ ಸರ್. ದ್ರಾಕ್ಷಿ ಉಪ್ಪಿನ ನೀರಾಗ ತೊಳದ್ರ ವಿಷ ಹೋಗತೈತೇನ್ರಿ? ನನ್ನ ಮಗಳಿಗೆ ಬಾಳ ಸೇರತೈತಿ.
– ಕೂಲಿ ಯುವಕ, ಸಾವಳಗಿ ಭಾಗ

ತಮ್ಮಾ, ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಹಣ್ಣಿನ ಮೇಲೆ ಕೂತದ್ದು ಸಾಕಷ್ಟು ಹೋಗುತ್ತದೆ. ಗಿಡ ಒಳಗೆ ಹೀರಿಕೊಂಡ ಔಷಧ ಯಾವ ನೀರಿಗೂ ಹೋಗದು. ಅದಕ್ಕೇ ಡಬ್ಬಿಯ ಮೇಲೆ ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಬರೆದಿರುತ್ತಾರೆ. ಅಷ್ಟು ದಿನ ಕಳೆದ ಹಣ್ಣು ತೊಳೆದು ಕೊಡು, ಮಗಳು ತಿನ್ನಲಿ.

ನೀನು ನಿನ್ನ ಬಗ್ಗೆ ಕೇಳಲಿಲ್ಲ. ಹಣ್ಣಿನಿಂದ ಮಗಳಿಗೆ ಹೋಗುವುದು ಮಿಲಿಗ್ರಾಂನ ಸಣ್ಣ ಚೂರು. ಪಂಪು ಹೊತ್ತ ನಿನ್ನ ಬೆನ್ನು, ಔಷಧ ಕಲಸಿದ ಬರಿಗೈ, ತೊಯ್ದ ಅಂಗಿ – ಇವುಗಳಿಂದ ನಿನ್ನ ಚರ್ಮಕ್ಕೆ ಇಳಿಯುವುದು ಅದರ ಎಷ್ಟೋ ಪಟ್ಟು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನೋವು ತಿಂದದ್ದು ದೂರದ ಪೇಟೆಯಲ್ಲಿ ಗೋಡಂಬಿ ಕೊಂಡವರಲ್ಲ, ತೋಟದ ಕೆಳಗಿನ ಮನೆಗಳವರು, ಅದೇ ಹಳ್ಳದ ನೀರು ಕುಡಿದವರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ತಡೆಯಿತು. ಅಷ್ಟರಲ್ಲಿ ಒಂದು ತಲೆಮಾರು ಬೆಳೆದಿತ್ತು.

ಡಬ್ಬಿಯ ಚೌಕದ ಕೆಳಭಾಗದ ಬಣ್ಣ ನೋಡು: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು, ಹಳದಿ ಇದ್ದರೆ ಕೈಗವಸು, ಮುಖಕ್ಕೆ ಮಾಸ್ಕ್, ಉದ್ದ ತೋಳಿನ ಅಂಗಿ ಇಲ್ಲದೆ ಹೊಡೆಯುವುದಿಲ್ಲವೆಂದು ಮಾಲೀಕರಿಗೆ ಹೇಳು. ಅದನ್ನು ಕೊಡಿಸುವುದು ಅವರ ಹೊಣೆ. ಗಾಳಿಗೆದುರು ಹೊಡೆಯಬೇಡ, ನಡುವೆ ಬೀಡಿ, ತಂಬಾಕು ಬೇಡ. ಮನೆಗೆ ಹೋದಮೇಲೆ ಮಗಳನ್ನು ಎತ್ತಿಕೊಳ್ಳುವ ಮುಂಚೆ ಸಾಬೂನು ಹಚ್ಚಿ ಸ್ನಾನ ಮಾಡು. ಆ ಬಟ್ಟೆ ಮನೆಯವರ ಬಟ್ಟೆಯ ಜೊತೆ ತೊಳೆಯಬೇಡಿ. ಹೊಡೆಯುವಾಗ ಜೊಲ್ಲು, ಬೆವರು ಸುರಿದು, ವಾಂತಿ ಬಂದು, ಕಣ್ಣಿನ ಪಾಪೆ ಚುಕ್ಕಿಯಷ್ಟು ಸಣ್ಣದಾದರೆ ಅಂಗಿ ಬಿಚ್ಚಿ ಮೈ ತೊಳೆಸಿಕೊಂಡು 108ಕ್ಕೆ ಫೋನ್ ಮಾಡಿಸು. ಔಷಧದ ಡಬ್ಬಿಯನ್ನು ಜೊತೆಗೇ ಒಯ್ಯಬೇಕು, ಹೆಸರು ಗೊತ್ತಾದರೆ ಡಾಕ್ಟರು ಬೇಗ ಇಂಜೆಕ್ಷನ್ ಕೊಡಬಲ್ಲರು.